ಗಂಜಿ ಕಾಯಿಸುವಾಗ ಜೊತೆಗಿದ್ದೋನಿಗೆ, ಮತ್ತೆ ನಿಮ್ಮೆಲ್ರಿಗೂ

ನಮ್ಮ ಮನೆಯವಳ ಕೊನೇ ಕೀಮೋ ಹೋದ ವಾರ ಮುಗೀತು. ರಿಪೋರ್ಟ್ ಚೆನ್ನಾಗಿದೆ ಅಂದ್ರು ಡಾಕ್ಟ್ರು, ರೇಡಿಯೇಷನ್ ಇನ್ನೂ ಬಾಕಿ ಇದೆ, ಆದ್ರೂ ದೇವರಿಗೆ ಸ್ತೋತ್ರ. ಫೋನ್ ಮಾಡ್ದೋರಿಗೆಲ್ಲ ಒಬ್ಬೊಬ್ರಿಗೇ ಹೇಳೋಕಾಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ತುಂಬಾ ಪ್ರಾರ್ಥನೆ ಮಾಡಿರ್ತೀರ ಅಲ್ವಾ ಅಂತ ಕೇಳ್ತಾರೆ. ಎಲ್ಲಿಂದ ಬರ್ಬೇಕು ಟೈಮು? ಜಪಸರ ಹಿಡ್ಕೊಂಡ್ರೆ ಎರಡನೇ ರಹಸ್ಯಕ್ಕೇ, ಅಂದ್ರೆ ಜಪ ಅರ್ಧ ಆಗೋಕೂ ಮುಂಚೆ, ನಿದ್ದೆ. ಕೀಮೋ ಆದ್ಮೇಲೆ ಒಂದಷ್ಟು ದಿನ ಒಗ್ಗರಣೆ ವಾಸನೆಗೇ ಅವಳಿಗೆ ವಾಂತಿ, ಹಾಗಾಗಿ ಮನೇಲಿ ಸಾಸಿವೆ ಸಿಡಿಸೋದೇ ನಿಂತೋಯ್ತು, ಬಾಯೆಲ್ಲಾ ಹುಣ್ಣು, ಖಾರ ಹುಳಿ ಏನೂ ಸೇರಲ್ಲ, ರಾಗಿ ಗಂಜಿ ತೆಳ್ಳಗೆ ಮಾಡಿ ಗಂಟಿಲ್ಲದ ಹಾಗೆ ಸೋಸಿ ಆರಿಸಿ ಚಮಚದಲ್ಲಿ ಕೊಡ್ಬೇಕು, ಅದೂ ಅರ್ಧ ಲೋಟಕ್ಕೆ ಸಾಕು ಅನ್ನೋಳು.

ಆಗ ನಮ್ಮ ಚರ್ಚಿನ ಸಿಸ್ಟರ್ ಒಬ್ರು ಬ್ರದರ್ ಲಾರೆನ್ಸ್ ವಿಷಯ ಹೇಳಿದ್ರು. 1600ರ ದಶಕಗಳ ಫ್ರಾನ್ಸಿನೋರು, ಮೊದ್ಲು ಸೈನಿಕ, ಯುದ್ಧದಲ್ಲಿ ಗಾಯ ಆಗಿ ಕಾಲು ಕುಂಟು, ಆಮೇಲೆ ಪ್ಯಾರಿಸ್‌ನ ಕಾರ್ಮೆಲ್ ಮಠ ಸೇರಿದ್ರೆ ಅಲ್ಲಿ ಹಾಕಿದ್ದು ಅಡುಗೆಮನೆಗೆ, ಅವರಿಗೋ ಆ ಕೆಲಸ ಮೊದಲಿಂದ್ಲೂ ಆಗ್ತಿರ್ಲಿಲ್ಲ! ಒಂದ್ಸಲ ದ್ರಾಕ್ಷಾರಸ ಕೊಳ್ಳೋಕೆ ಬರ್ಗಂಡಿಗೆ ಕಳಿಸಿದ್ರಂತೆ, ವ್ಯಾಪಾರ ಗೊತ್ತಿಲ್ಲ, ದೋಣೀಲಿ ನಡೆಯೋಕಾಗದೆ ಪೀಪಾಯಿಗಳ ಮೇಲೆ ಉರುಳಾಡ್ಕೊಂಡೇ ಓಡಾಡಿದ್ರು, ಸ್ವಾಮಿ ಇದು ನಿನ್ನ ಕೆಲಸ, ನೀನೇ ನೋಡ್ಕೋ ಅಂತ. ಬಾಣಲೇಲಿ ಆಮ್ಲೆಟ್ ತಿರುವಿ ಹಾಕೋದೂ ದೇವರ ಮೇಲಿನ ಪ್ರೀತಿಗೇ ಅನ್ನೋರು. 1691ರಲ್ಲಿ ತೀರ್ಕೊಂಡ್ರು. ನನಗೆ ಆ ಪೀಪಾಯಿ ಕಥೆ ಕೇಳಿ ನಗು ಬಂತು, ಆ ದಿನಗಳಲ್ಲಿ ನಗು ಬರೋದೇ ದೊಡ್ಡ ವಿಷಯ.

ದೇವರ ಸಾನ್ನಿಧ್ಯ ಅಂದ್ರೆ ಮೈ ಜುಮ್ಮನ್ನೋದು, ಕಣ್ಣಲ್ಲಿ ನೀರು ಬರೋದು ಅಂತ ಧ್ಯಾನಕೂಟಗಳಲ್ಲಿ ಹೇಳ್ತಾರೆ. ಇರಬಹುದು. ನನಗೆ ಹಾಗೇನೂ ಆಗ್ಲಿಲ್ಲಪ್ಪ. ಸ್ಟವ್ ಹಚ್ಚುವಾಗ ಸ್ವಾಮಿ, ಗಂಜಿ ಇಡ್ತಿದ್ದೀನಿ, ಇವತ್ತಾದ್ರೂ ಅವಳ ಹೊಟ್ಟೇಲಿ ನಿಲ್ಲಲಿ ಅನ್ನೋದು, ಡೇಕೇರ್‌ನಲ್ಲಿ ಡ್ರಿಪ್ ನೋಡ್ತಾ ಕೂತಾಗ ನೀನೂ ಕೂತಿದ್ದೀಯ ತಾನೇ ಅನ್ನೋದು, ಅಷ್ಟೇ. ಜಗಳಾನೂ ಆಡಿದ್ದೀನಿ. ಅರ್ಧ ದಿನ ಅವನ ನೆನಪೇ ಬರದೇ ಹೋದದ್ದೂ ಉಂಟು, ಲಾರೆನ್ಸ್ ಹೇಳೋ ಹಾಗೆ ಕೊರಗದೆ ಮತ್ತೆ ಮಾತು ಶುರು ಮಾಡೋದು. ಉತ್ತರ ಏನೂ ಕೇಳಿಸ್ಲಿಲ್ಲ, ಆದ್ರೆ ಒಬ್ನೇ ಇದ್ದೀನಿ ಅಂತ ಅನ್ನಿಸಿದ್ದೂ ಕಮ್ಮಿ.

ಅದ್ರಲ್ಲಿ ನಿಮ್ಮ ಪಾಲೂ ಇದೆ. ತಿಂಗಳ ಮೊದಲ ಶುಕ್ರವಾರ ತಪ್ಪದೆ ಮನೆಗೇ ಪರಮಪ್ರಸಾದ ತಂದ ಫಾದರ್‌ಗೆ, ಪ್ಲೇಟ್‌ಲೆಟ್ಸ್ ಬೇಕು ಅಂದಾಗ ರಾತ್ರೋರಾತ್ರಿ ಬಂದ ಯೂತ್ ಹುಡುಗ್ರಿಗೆ, ನರ ಸಿಗದಿದ್ದಾಗ ಅವಳ ಕೈ ಸವರಿ ಸಮಾಧಾನ ಮಾಡಿ ಮತ್ತೆ ಹುಡುಕ್ತಿದ್ದ ಆ ನರ್ಸ್‌ಗೆ ತುಂಬಾ ತುಂಬಾ ಥ್ಯಾಂಕ್ಸ್. ಎದುರುಮನೆ ಆಂಟಿ ಶನಿವಾರ ಶನಿವಾರ ಆಂಜನೇಯನ ಗುಡೀಲಿ ಅವಳ ಹೆಸರಲ್ಲಿ ಅರ್ಚನೆ ಮಾಡಿಸ್ತಿದ್ರಂತೆ, ಮೊನ್ನೆ ಗೊತ್ತಾಯ್ತು, ಆಂಟಿ ನಿಮಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ.

ಊಟ ಕಳಿಸಿದ ಸ್ಟೀಲ್ ಡಬ್ಬಗಳು ಒಂದು ಶೆಲ್ಫ್ ತುಂಬ ಇವೆ, ಯಾರದ್ದು ಯಾವುದು ಅಂತ ಇವಳಿಗೂ ಗೊತ್ತಿಲ್ಲ. ಭಾನುವಾರ ಪೂಜೆ ಆದ್ಮೇಲೆ ತರ್ತೀನಿ, ನಿಮ್ಮನಿಮ್ಮದು ನೋಡಿ ತಗೊಳ್ಳಿ. ಅವಳೂ ಬರ್ತಾಳೆ.