ಕರೆಂಟ್ ಹೊಡೆತ ಸೇಡಂಗೆ ಬೇಡ, ಹಟ್ಟಿಯಲ್ಲಿ ನೋಡಿ

ಸಂಪಾದಕರೇ,

ಕಲ್ಲಿಗೆ ಕರೆಂಟ್ ಹೊಡೆಸಿ ಒಡೆಯುವ ಯಂತ್ರದ ವಿಡಿಯೊ ಒಂದು ನಮ್ಮ ಸೇಡಂ ಕಡೆ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದೆ. ಇದು ಬಂದರೆ ಸಿಮೆಂಟ್ ಫ್ಯಾಕ್ಟರಿ ಕ್ರಷರ್ ಸದ್ದು, ಧೂಳು ಎಲ್ಲಾ ಮುಗೀತು ಅಂತ ಜನ ಮಾತಾಡುತ್ತಿದ್ದಾರೆ. ಹಾಗೇನೂ ಆಗಲ್ಲ.

ತಂತ್ರ ಸುಳ್ಳಲ್ಲ, ಹೊಸದೂ ಅಲ್ಲ. ರಷ್ಯಾದ ತೋಮ್ಸ್ಕ್‌ನಲ್ಲಿ ಸೋವಿಯತ್ ಕಾಲದಲ್ಲೇ ಇದರ ಪ್ರಯೋಗ ನಡೆದಿತ್ತು. ಅದಿರನ್ನು ನೀರಲ್ಲಿ ಮುಳುಗಿಸಿ, ಮೈಕ್ರೊಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ವೋಲ್ಟೇಜನ್ನು ಲಕ್ಷ ದಾಟಿಸುತ್ತಾರೆ. ಅಷ್ಟು ಬೇಗ ಏರಿದಾಗ ನೀರು ಕರೆಂಟನ್ನು ತಡೆಯುತ್ತದೆ, ಕಲ್ಲೇ ದಾರಿ ಬಿಡುತ್ತದೆ. ವಿಚಿತ್ರ ಅಲ್ವಾ? ಕಿಡಿ ಕಲ್ಲಿನೊಳಗೆ ಹಾಯುತ್ತದೆ, ಆ ದಾರಿ ಕಾದು ಹಿಗ್ಗುತ್ತದೆ, ಕಲ್ಲು ಒಳಗಿಂದಲೇ ಸೀಳುತ್ತದೆ. ಅದುಮಿದರೆ ಜಗ್ಗದ ಕಲ್ಲು ಎಳೆತಕ್ಕೆ ಬೇಗ ಸೋಲುತ್ತದೆ. ಬಿರುಕೂ ಹೆಚ್ಚಾಗಿ ಖನಿಜದ ಕಾಳು ಮತ್ತು ಕಲ್ಲು ಕೂಡುವ ಗೆರೆಯಲ್ಲೇ ಬೀಳುತ್ತದೆ. ಶಹಾಬಾದಿನಲ್ಲಿ ಹಾಸುಗಲ್ಲು ಎಬ್ಬಿಸುವವರು ಉಳಿಯನ್ನು ಎಲ್ಲೆಂದರಲ್ಲಿ ಇಡುವುದಿಲ್ಲ, ಪದರದ ಸಂದು ನೋಡಿ ಬಡಿಯುತ್ತಾರೆ, ಹಾಗೆ.

ಆದರೆ ಸಿಮೆಂಟಿಗೆ ಸುಣ್ಣದಕಲ್ಲಿನಿಂದ ಏನನ್ನೂ ಬಿಡಿಸಿ ತೆಗೆಯಬೇಕಿಲ್ಲ. ಇಡೀ ಕಲ್ಲೇ ಪುಡಿಯಾಗಬೇಕು. ಅಲ್ಲಿ ಇದು ಸುಮ್ನೆ ಖರ್ಚು. ಧೂಳಿನ ಚಿಂತೆ ಇದ್ದರೆ ಫಿಲ್ಟರ್ ಸರಿಯಾಗಿ ನಡೆಸಲಿ, ಲಾರಿಗೆ ತಾಡಪಾಲು ಹಾಕಲಿ.

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಕಥೆ ಬೇರೆ. ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ, ಅಷ್ಟಕ್ಕೆ ಇಡೀ ಟನ್ನನ್ನು ಮಿಲ್ಲಿನಲ್ಲಿ ಹಿಟ್ಟು ಮಾಡಿ ಆಮೇಲೆ ಚಿನ್ನ ಕರಗಿಸುವ ಸಯನೈಡ್ ದ್ರಾವಣಕ್ಕೆ ಬಿಡಬೇಕು. ಜಗತ್ತಿನ ಕರೆಂಟಿನಲ್ಲಿ ನೂರಕ್ಕೆ 3–4 ಪಾಲು ಕಲ್ಲು ಒಡೆದು ಅರೆಯುವುದಕ್ಕೇ ಹೋಗುತ್ತದೆ ಎಂಬ ಅಂದಾಜಿದೆ, ಅದರಲ್ಲೂ ಬಹುಪಾಲು ಬಿಸಿಯಾಗಿ ಪೋಲು. ಮಿಲ್ಲಿಗೆ ಹಾಕುವ ಮುಂಚೆ ಈ ಕರೆಂಟ್ ಹೊಡೆತ ಕೊಟ್ಟು ಬಿರುಕು ಬಿಡಿಸಿದರೆ ಅರೆಯುವ ಖರ್ಚು ಇಳಿಯಬಹುದು. ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು. ಕಿಡಿ ಲೋಹದ ಖನಿಜ ಇರುವ ಕಲ್ಲನ್ನೇ ಜಾಸ್ತಿ ಹುಡುಕಿ ಹೋಗುತ್ತದೆ. ಬರಿಗಲ್ಲು ದಪ್ಪಗೇ ಉಳಿದರೆ ಜರಡಿ ಹಿಡಿದು ಆಚೆ ಹಾಕಬಹುದು, ಅರೆಯುವ ತಂಟೆಯೇ ಇಲ್ಲ. ಹಟ್ಟಿಯ ಅದಿರಿನಲ್ಲಿ ಚಿನ್ನದ ಜೊತೆ ಸಲ್ಫೈಡ್ ಖನಿಜಗಳೂ (ಗಂಧಕ ಕೂಡಿದ ಲೋಹದ ಖನಿಜಗಳು) ಇವೆ, ಅದಕ್ಕೇ ಹೇಳುತ್ತಿದ್ದೇನೆ.

ತೊಡಕೂ ಇದೆ. ಕಿಡಿ ಹಾರಿಸುವ ಲೋಹದ ತುದಿ, ಅಂದರೆ ಎಲೆಕ್ಟ್ರೋಡ್ ಸವೆಯುತ್ತದೆ, ದೊಡ್ಡ ಮಿಲ್ಲಿನಷ್ಟು ಕಲ್ಲನ್ನು ಈ ಯಂತ್ರ ನುಂಗುವುದಿಲ್ಲ. ಹಾಗಾಗಿ ಕೋಟಿಗಟ್ಟಲೆ ಸುರಿದು ಯಂತ್ರ ತರಿಸಿ ಎನ್ನುತ್ತಿಲ್ಲ. ಹಟ್ಟಿ ಸರ್ಕಾರದ್ದೇ ಕಂಪನಿ. ಒಂದಿಷ್ಟು ಅದಿರನ್ನು ಪರೀಕ್ಷೆಗೆ ಕಳಿಸಲಿ, ಕಲಬುರಗಿಯ ಎಂಜಿನಿಯರಿಂಗ್ ಹುಡುಗರನ್ನೂ ಜೊತೆಗೆ ಸೇರಿಸಿಕೊಳ್ಳಲಿ. ಟನ್ನಿಗೆ ಎಷ್ಟು ಯೂನಿಟ್ ಉಳಿಯಿತು, ಎಷ್ಟು ಚಿನ್ನ ಕೈಗೆ ಬಂತು ಎಂಬ ಲೆಕ್ಕವನ್ನು ಜನರ ಮುಂದಿಡಲಿ.

– ಒಬ್ಬ ಓದುಗ, ಸೇಡಂ, ಕಲಬುರಗಿ ಜಿಲ್ಲೆ