ರಮಣಬಾಗ್ ಶಾಲೆಗೆ ಮೊದಲ ನಮಸ್ಕಾರ

ಹೋದ ವಾರ ನಿವೃತ್ತನಾದೆ. ಎಷ್ಟೊಂದು ಜನ ಫೋನ್ ಮಾಡಿದಿರಿ, ಮೆಸೇಜ್ ಕಳಿಸಿದಿರಿ, ಕೆಲವರು ಪೇಢೆ ಹಿಡಿದುಕೊಂಡು ಮನೆಗೇ ಬಂದಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಇದು.

'ಒಳ್ಳೆ ಗಣಿತ ಮಾಸ್ತರ್' ಅಂತ ತುಂಬಾ ಜನ ಹೊಗಳಿದ್ದೀರಿ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದರಲ್ಲಿ ದೊಡ್ಡ ಪಾಲು ಪುಣೆಯ ರಮಣಬಾಗ್‌ನ ನ್ಯೂ ಇಂಗ್ಲಿಷ್ ಸ್ಕೂಲಿಗೆ ಸೇರಬೇಕು.

ಅಪ್ಪನಿಗೆ ಬ್ಯಾಂಕಿನಲ್ಲಿ ಧಾರವಾಡದಿಂದ ಪುಣೆಗೆ ವರ್ಗವಾಯಿತು. ನನ್ನನ್ನು ತಂದು ಅಲ್ಲಿ ಐದನೇ ಕ್ಲಾಸಿಗೆ ಹಾಕಿದರು. ನನಗೆ ಮರಾಠಿ ಬರುತ್ತಿರಲಿಲ್ಲ. ಬರೀ ಗಂಡುಹುಡುಗರ ಶಾಲೆ ಬೇರೆ, ಕೇಳಬೇಕೆ! 'ಯಂಡುಗುಂಡು' ಅಂತ, ದಕ್ಷಿಣದವರನ್ನು ಗೇಲಿ ಮಾಡುವ ಹೆಸರಿಟ್ಟರು. ಗಣಿತದ ಸರ್ ಹಳೇ ಕಾಲದವರು. ಪಾವಕಿ, ನಿಮಕಿ, ದಿಡಕಿ ಅಂತ ಕಾಲು, ಅರೆ, ಒಂದೂವರೆಯ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಎಪ್ಪತ್ತೊಂಬತ್ತಕ್ಕೆ ಮರಾಠಿಯಲ್ಲಿ 'ಏಕೋಣಐಂಶಿ'. ನಾನು ಅಲ್ಲೇ ನಿಂತುಬಿಡುತ್ತಿದ್ದೆ. ಸರ್ ಬಯ್ಯಲಿಲ್ಲ. ಸೀಮೆಸುಣ್ಣ ಕೈಗೆ ಕೊಟ್ಟು, 'ಲೆಕ್ಕ ನಿನ್ನ ಭಾಷೆಯಲ್ಲೇ ಮಾಡು, ಉತ್ತರ ಬೋರ್ಡ್ ಮೇಲೆ ಬರಿ' ಎಂದರು. ಬಾಯಿ ತೆರೆಯದೆಯೇ ಕ್ಲಾಸಿನಲ್ಲಿ ನನ್ನ ಮಾನ ಉಳಿಯಿತು. ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಮರಾಠಿ ಓದಿಸಿದವರೂ ಅವರೇ. ದುಡ್ಡಿನ ಮಾತೇ ಎತ್ತಲಿಲ್ಲ.

ದುಡ್ಡಿನ ಕಡೆ ನೋಡದೆ ಕಲಿಸುವುದು ಅಲ್ಲಿ ಹಳೇ ರೂಢಿ. 1880ರ ಜನವರಿಯಲ್ಲಿ ಮರಾಠಿ ಲೇಖಕ ವಿಷ್ಣುಶಾಸ್ತ್ರಿ ಚಿಪಳೂಣಕರರು ಸರ್ಕಾರಿ ಮಾಸ್ತರಿಕೆ ಬಿಟ್ಟು ಬಂದು ಈ ಶಾಲೆ ತೆರೆದರು. ಜೊತೆಗೆ ನಾಮಜೋಶಿ ಮತ್ತು ತಿಲಕರು. ತಿಲಕರಿಗೆ ಆಗಿನ್ನೂ 23 ವರ್ಷ. ಆಮೇಲೆ ಸಮಾಜ ಸುಧಾರಕ ಆಗರಕರರೂ, ಸಂಸ್ಕೃತ ನಿಘಂಟಿನ ವಾಮನ ಶಿವರಾಮ ಆಪ್ಟೆಯವರೂ ಬಂದು ಸೇರಿದರು. 1882ರಲ್ಲಿ, ಕೊಲ್ಲಾಪುರದ ದಿವಾನರ ವಿರುದ್ಧ ತಮ್ಮ ಪತ್ರಿಕೆಗಳಲ್ಲಿ ಬರೆದದ್ದಕ್ಕೆ ಬಿದ್ದ ಮಾನನಷ್ಟ ಕೇಸಿನಲ್ಲಿ ತಿಲಕರು, ಆಗರಕರರು ಇಬ್ಬರೂ ಮುಂಬೈಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಹುಡುಗರಿಗೆ ಈ ಕತೆಯೇ ಜಾಸ್ತಿ ಇಷ್ಟ. ಮಾಸ್ತರರೇ ಜೈಲಿಗೆ! ಆಗಸ್ಟ್ 1ಕ್ಕೆ ತಿಲಕರ ಪುಣ್ಯತಿಥಿ ಬಂತೆಂದರೆ ಯಾರಾದರೊಬ್ಬ ಭಾಷಣದಲ್ಲಿ ಅದನ್ನೇ ಹೇಳುತ್ತಿದ್ದ.

ನನಗೆ ಹಿಡಿಸಿದ್ದು ಮಾತ್ರ ಸಂಬಳದ ಸಂಗತಿ. 1884ರಲ್ಲಿ ಈ ಶಾಲೆ ನಡೆಸಲು ಡೆಕ್ಕನ್ ಎಜುಕೇಶನ್ ಸೊಸೈಟಿ ಹುಟ್ಟಿತು. ಅದರ ಆಜೀವ ಸದಸ್ಯರು 20 ವರ್ಷ ಅಲ್ಲೇ ಕಲಿಸುವುದಾಗಿ ಒಪ್ಪಿಕೊಳ್ಳಬೇಕಿತ್ತು. ಗೋಪಾಲಕೃಷ್ಣ ಗೋಖಲೆಯವರು ಹಾಗೆ ಸೇರಿ ತಿಂಗಳಿಗೆ 75 ರೂಪಾಯಿಗೆ ದುಡಿದರು. ಬುದ್ಧಿವಂತರು, ಸರ್ಕಾರಿ ನೌಕರಿ ಕೇಳಿದರೆ ಸಿಗುತ್ತಿತ್ತು, ಅಲ್ವಾ? 1885ರಲ್ಲಿ ಇದೇ ಸೊಸೈಟಿ ಫರ್ಗ್ಯೂಸನ್ ಕಾಲೇಜು ಶುರು ಮಾಡಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅಲ್ಲಿಯವರೆಗೆ ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಡಿಗ್ರಿ ಎಂದರೆ ಪುಣೆ. ಆಲೂರು ವೆಂಕಟರಾಯರು, ಬೇಂದ್ರೆಯವರು ಓದಿದ್ದೂ ಫರ್ಗ್ಯೂಸನ್ನಿನಲ್ಲೇ. ಆ ಮಾಸ್ತರರ ಋಣ ಕನ್ನಡಕ್ಕೂ ಇದೆ ಅಂತ ನನ್ನ ಲೆಕ್ಕ.

ಇನ್ನು ಮನೆಯವರು. ವರ್ಷಾ ವರ್ಷ ಮಾರ್ಚಿನಲ್ಲಿ ಊಟದ ಟೇಬಲ್ ತುಂಬಾ ಉತ್ತರಪತ್ರಿಕೆ ಹರಡಿದಾಗ ನೆಲದ ಮೇಲೆ ತಟ್ಟೆ ಹಾಕಿ ಬಡಿಸಿದ ಹೆಂಡತಿಗೆ, ಇಂಟರ್‌ವಲ್ಲಿನಲ್ಲಿ ಚಹಾ ತರಿಸುತ್ತಿದ್ದ ಸಹೋದ್ಯೋಗಿಗಳಿಗೆ, 'ಸರ್, ಇನ್ನೊಂದು ಸಲ ಹೇಳಿ' ಅಂತ ಧೈರ್ಯವಾಗಿ ಕೈ ಎತ್ತಿದ ಮಕ್ಕಳಿಗೆಲ್ಲ ಕೃತಜ್ಞತೆ.

ಯಂಡುಗುಂಡು ಅಂತ ಕರೆದ ಆ ಗೆಳೆಯರೂ ಮೊನ್ನೆ ಬಂದಿದ್ದರು. ರಮಣಬಾಗ್‌ನ ಹುಡುಗರಿಗೆ ಗಣಪತಿ ಮೆರವಣಿಗೆಯ ಢೋಲ್ ತಾಶಾ ಎಂದರೆ ಜೀವ. ಈ ವಯಸ್ಸಿನಲ್ಲೂ ಎರಡು ಢೋಲ್ ಹೊತ್ತು ತಂದು ನಮ್ಮ ಪಾರ್ಕಿಂಗಿನಲ್ಲಿ ಬಾರಿಸಿಯೇ ಹೋದರು. ಅಷ್ಟು ಹೊತ್ತು ಕಿವಿ ಮುಚ್ಚಿಕೊಂಡು ಸಹಿಸಿದ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಸಾಹೇಬರಿಗೂ ಒಂದು ನಮಸ್ಕಾರ.