ಗುಣ ಮಾಡುವ ಸಂಶೋಧನೆಗೆ ನಮ್ಮನ್ನೂ ಕರೆಯಿರಿ

ಮಾನ್ಯ ಸಂಪಾದಕರೇ,

ನಾನು ಗಂಗಾವತಿ ತಾಲ್ಲೂಕಿನವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. 2007ರಿಂದ ಎಚ್‌ಐವಿ ಗುಳಿಗೆ ತಗೊಳ್ಳುತ್ತಿದ್ದೇನೆ. ಮೊದಲೆಲ್ಲ ದಿನಕ್ಕೆ ಎರಡು ಹೊತ್ತು. ಆಗಿನ ಗುಳಿಗೆಗೆ ಕೆನ್ನೆ ಒಳಗೆ ಹೋಗಿ, ಕನ್ನಡಿ ನೋಡಲು ಮನಸ್ಸಾಗುತ್ತಿರಲಿಲ್ಲ. ಈಗ ರಾತ್ರಿ ಒಂದೇ ಒಂದು. ವರ್ಷಕ್ಕೊಮ್ಮೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಟೆಸ್ಟ್ ಮಾಡುತ್ತಾರೆ, ವೈರಸ್ ಕಾಣಿಸುವುದಿಲ್ಲ. ಆರಾಮಾಗಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಯಲ್ಲಿ ‘ಏಡ್ಸ್‌ಗೆ ಮದ್ದು ಸಿಕ್ಕಿತು’ ಅಂತ ದಪ್ಪ ಅಕ್ಷರದಲ್ಲಿ ಬಂತು. ನನ್ನ ಜೊತೆ ಗುಳಿಗೆ ತರಲು ಬರುತ್ತಿದ್ದ ಅಕ್ಕಿ ಗಿರಣಿಯ ಹುಡುಗಿಯೊಬ್ಬಳು ಆ ತುಂಡು ಹರಿದು, ಮಡಚಿ, ಕುಪ್ಪಸದೊಳಗೆ ಇಟ್ಟುಕೊಂಡು ಬಂದಳು. ಬೆವರಿಗೆ ಅಕ್ಷರ ಕಲಸಿ ಹೋಗಿತ್ತು. “ಯಕ್ಕಾ, ಔಷಧ ಸಿಕ್ಕೈತಂತ. ಇನ್ನ ಈ ಗುಳಿಗಿ ಯಾಕ?” ಅಂದಳು. ಗುಣವಾದದ್ದು ಒಬ್ಬರಿಗೆ, ಅದೂ ರಕ್ತದ ಕ್ಯಾನ್ಸರ್‌ಗೆ ಅಂತ ಅಸ್ಥಿಮಜ್ಜೆ (ಎಲುಬಿನೊಳಗೆ ರಕ್ತ ತಯಾರಾಗುವ ಭಾಗ) ಬದಲಿಸಿದಾಗ ಅನ್ನುವುದು ಸುದ್ದಿಯ ಕೊನೆಯ ಸಾಲಿನಲ್ಲಿತ್ತು. ನಾನು ಎಷ್ಟು ಹೇಳಿದರೂ ಅವಳು ಗುಳಿಗೆ ಬಿಟ್ಟಳು. ನಾಲ್ಕು ತಿಂಗಳಲ್ಲಿ ಟಿಬಿ ಹಿಡಿಯಿತು. ಆಸ್ಪತ್ರೆಗೆ ನೋಡಲು ಹೋದಾಗ 34 ಕಿಲೋ ಇದ್ದಳು, ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಪುಣ್ಯಕ್ಕೆ ಬದುಕಿದಳು.

ಅವತ್ತಿನಿಂದ ಕೌನ್ಸೆಲರ್ ಹತ್ತಿರ ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡೆ. ಮಗಳು ಮೊಬೈಲ್‌ನಲ್ಲಿ ಓದಿ ಹೇಳುತ್ತಾಳೆ. ಗದ್ದೆಯಲ್ಲಿ ಕಳೆ ಕೀಳುತ್ತೇವೆ, ಅದರ ಬೀಜ ಮಣ್ಣಲ್ಲೇ ಉಳಿಯುತ್ತದೆ, ನೀರು ಬಿಟ್ಟ ಕೂಡಲೇ ಮತ್ತೆ ಏಳುತ್ತದೆ ಅಲ್ವಾ? ಈ ವೈರಸ್ಸೂ ಹಾಗೇ. ನಮ್ಮ ರಕ್ತದ ಕೆಲವು ಕಣಗಳೊಳಗೆ ಸೇರಿ ಸುಮ್ನೆ ಮಲಗಿರುತ್ತದೆ. ಮಲಗಿದ್ದನ್ನು ಗುಳಿಗೆ ಮುಟ್ಟುವುದಿಲ್ಲ. ಗುಳಿಗೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಎದ್ದು ಬರುತ್ತದೆ. ಬರ್ಲಿನ್‌ನಲ್ಲಿ ಟಿಮೊಥಿ ರೇ ಬ್ರೌನ್ ಅನ್ನುವವರಿಗೆ 2007ರಲ್ಲಿ ರಕ್ತದ ಕ್ಯಾನ್ಸರ್‌ಗೆ ಅಂತ ಅಸ್ಥಿಮಜ್ಜೆ ಕಸಿ ಮಾಡಿದರು. ಕೊಟ್ಟವರ ರಕ್ತಕಣಗಳಲ್ಲಿ ವೈರಸ್ ಒಳಗೆ ನುಗ್ಗುವ ಬಾಗಿಲೇ ಇರಲಿಲ್ಲ. ಹಾಗಾಗಿ ಗುಣವಾಯಿತು. 2020ರಲ್ಲಿ ಅವರು ತೀರಿಕೊಂಡಿದ್ದು ಕ್ಯಾನ್ಸರ್ ಮರುಕಳಿಸಿ, ಎಚ್‌ಐವಿಯಿಂದಲ್ಲ. ಆಮೇಲೆ ಲಂಡನ್, ಡುಸೆಲ್‌ಡಾರ್ಫ್‌ನಲ್ಲೂ ಹೀಗೆ ಗುಣವಾಗಿದೆ. ಆದರೆ ಜೀವಕ್ಕೇ ಅಪಾಯದ ಚಿಕಿತ್ಸೆ ಅದು. ಅಂಥ ರಕ್ತದವರು ನಮ್ಮ ದೇಶದಲ್ಲಿ ಸಿಗುವುದೂ ತೀರಾ ಅಪರೂಪ.

ಗುಳಿಗೆ ಪುಕ್ಕಟೆ ಸಿಗುತ್ತದಲ್ಲ, ಇನ್ನೇನು ಬೇಕು ಅಂತ ಕೇಳುವವರಿದ್ದಾರೆ. ಬಳ್ಳಾರಿಯಿಂದ ಗುಳಿಗೆ ತರುತ್ತಿದ್ದ ಕಾಲದಲ್ಲಿ, ಡಬ್ಬಿಯಲ್ಲಿ ಎರಡೇ ಉಳಿದಾಗ ಡ್ಯಾಂ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿತು. ಹೊಸಪೇಟೆ ಸುತ್ತಿ ಹೋದೆ. ಬಸ್ಸಿನಲ್ಲಿ ಡಬ್ಬಿ ಗಲಗಲ ಅನ್ನಬಾರದು ಅಂತ ಇವತ್ತಿಗೂ ಒಳಗೆ ಹತ್ತಿ ತುರುಕುತ್ತೇನೆ, ಲೇಬಲ್ ಕಿತ್ತು ಒಲೆಗೆ ಹಾಕುತ್ತೇನೆ. ಮಗಳ ಮದುವೆಯ ರಾತ್ರಿ ಮನೆ ತುಂಬಾ ಬೀಗರು. ಬಚ್ಚಲ ಬಾಗಿಲು ಹಾಕಿಕೊಂಡು ಹಂಡೆಯ ನೀರಲ್ಲೇ ಗುಳಿಗೆ ನುಂಗಿದೆ. ಅದಕ್ಕೇ ನನಗೆ ಪೂರ್ತಿ ಗುಣ ಮಾಡುವ ಔಷಧ ಬೇಕು.

ಅದು ಒಬ್ಬ ವಿಜ್ಞಾನಿಯಿಂದ, ಒಂದು ದೇಶದಿಂದ ಆಗುವ ಕೆಲಸವಲ್ಲ. ಅಮೆರಿಕದ ಮಾರ್ಟಿನ್ ಡೆಲೇನಿ ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ, ರೋಗಿಗಳ ಪರ ನಿಂತ ಮನುಷ್ಯ. 2009ರಲ್ಲಿ ತೀರಿಕೊಂಡರು. 2011ರಲ್ಲಿ ಅಲ್ಲಿನ ಸರ್ಕಾರ ಅವರ ಹೆಸರಿನಲ್ಲೇ ಸಂಶೋಧನಾ ಕೂಟಗಳನ್ನು ಶುರು ಮಾಡಿತು. ವಿಶ್ವವಿದ್ಯಾಲಯಗಳು, ಔಷಧ ಕಂಪನಿಗಳು ಒಟ್ಟಿಗೆ ಸೇರಿ ಕೆಲಸ ಮಾಡುತ್ತವೆ. ಎಚ್‌ಐವಿ ಇರುವವರೂ ಸಲಹೆ ಕೊಡಲು ಕೂರುತ್ತಾರೆ. ಈ ಮಾತು ಕೇಳಿ ನನಗೆ ಬಹಳ ಖುಷಿಯಾಯಿತು.

ಆದರೆ ಒಂದು ಸಂಕಟವಿದೆ. ಇಂಥ ಸಂಶೋಧನೆ ಜಾಸ್ತಿ ನಡೆದದ್ದು ಅಮೆರಿಕ, ಯುರೋಪಿನಲ್ಲಿ ಹರಡಿರುವ ಬಿ ಬಗೆಯ ವೈರಸ್ ಮೇಲೆ, ಅದೂ ಹೆಚ್ಚಾಗಿ ಗಂಡಸರಲ್ಲಿ. ನಮ್ಮ ದೇಶದಲ್ಲಿ ಇರುವುದು ಹೆಚ್ಚಾಗಿ ಸಿ ಬಗೆ. ದಕ್ಷಿಣ ಆಫ್ರಿಕಾದಲ್ಲೂ ಅದೇ. ಅಲ್ಲಿನ ಡರ್ಬನ್‌ನಲ್ಲಿ 20 ಹೆಣ್ಣುಮಕ್ಕಳನ್ನು ಸೇರಿಸಿ ಗುಣಪಡಿಸುವ ಪ್ರಯೋಗ ಮಾಡಿದ್ದಾರೆ. ಡಾಕ್ಟರ ಕಣ್ಗಾವಲಿನಲ್ಲಿ ಗುಳಿಗೆ ನಿಲ್ಲಿಸಿದಾಗ ಕೆಲವರಲ್ಲಿ ತಿಂಗಳುಗಟ್ಟಲೆ ವೈರಸ್ ಹತೋಟಿಯಲ್ಲೇ ಇತ್ತು. ಪುಣೆಯಲ್ಲಿ ಏಡ್ಸ್ ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಸಿ ಬಗೆಯ ಮೇಲೆ ಕೆಲಸ ನಡೆದಿದೆ. ಅವರು ಕೊಪ್ಪಳ, ರಾಯಚೂರು, ಬಳ್ಳಾರಿಯ ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿಕೊಳ್ಳಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಲಿ. ಆ ದಿನದ ಕೂಲಿ, ಬಸ್ ಚಾರ್ಜ್ ಕೊಡಲಿ. ರಕ್ತ ತಗೊಂಡು ಹೋದ ಮೇಲೆ ಅದರಿಂದ ಏನು ತಿಳಿಯಿತು ಅಂತ ವಾಪಸ್ ಬಂದು ನಮಗೂ ಹೇಳಲಿ.

ನೀವೂ ಇಂಥ ಸುದ್ದಿ ಹಾಕುವಾಗ ಎಷ್ಟು ಜನರಿಗೆ, ಯಾವ ಚಿಕಿತ್ಸೆಯಿಂದ ಗುಣವಾಯಿತು ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ‘ಗುಳಿಗೆ ನಿಲ್ಲಿಸಬೇಡಿ’ ಅನ್ನುವುದನ್ನೂ ದಪ್ಪ ಅಕ್ಷರದಲ್ಲೇ ಹಾಕಿ.

ನನ್ನ ಹೆಸರು, ನಂಬರ್ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ. ಸಂಶೋಧನೆ ಮಾಡುವವರು ಯಾರಾದರೂ ಕೇಳಿದರೆ ನನಗೆ ಒಂದು ಮಾತು ತಿಳಿಸಿ ಕೊಡಿ. ಆ ಗಿರಣಿಯ ಹುಡುಗಿಯೂ ಬರುತ್ತೇನೆ ಅಂದಿದ್ದಾಳೆ.

– ಓದುಗಿ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ